ಮುಂದಿನ ಹಲ್ಲಿನ ಕಪ್ಪು, ಹಿಂದಿನ ಹಲ್ಲಿನ ನೋವು: ಎಕ್ಸ್‌ರೇ ಓದಲು ಕಲಿಸಿದ ಒಂದು ಪ್ರಕರಣ

ದಾವಣಗೆರೆಯ ಒಂದು ದಂತ ಕಾಲೇಜಿನಲ್ಲಿ ನಡೆದ ಪ್ರಕರಣ ಇದು. ಯಾವ ಕಾಲೇಜು, ಯಾವ ವರ್ಷ, ಯಾರು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ರೋಗಿಯ ಮತ್ತು ವಿದ್ಯಾರ್ಥಿನಿಯ ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಎಕ್ಸ್‌ರೇಯಲ್ಲಿ ಏನಿತ್ತು, ವಿಭಾಗದಲ್ಲಿ ಏನೇನು ಮಾಡಿದೆವು ಅನ್ನುವುದು ಮಾತ್ರ ಇದ್ದ ಹಾಗೇ ಇದೆ. ನಾನು ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಎಕ್ಸ್‌ರೇ ಓದಲು ಕಲಿಸುವವರಿಗೂ ಕಲಿಯುವವರಿಗೂ ಇದರಲ್ಲಿ ಏನಾದರೂ ಸಿಗಬಹುದು.

ಹಿನ್ನೆಲೆ

ದಂತವೈದ್ಯ ಪದವಿ ಬಿಡಿಎಸ್ 4 ವರ್ಷ, ಅದರ ಮೇಲೆ 1 ವರ್ಷ ಇಂಟರ್ನ್‌ಶಿಪ್. ನಮ್ಮ ವಿಷಯದ ಪಾಠ ಮೂರನೇ ವರ್ಷದಲ್ಲಿ ಶುರುವಾಗುತ್ತದೆ, ಪರೀಕ್ಷೆ ಕೊನೇ ವರ್ಷದಲ್ಲಿ. ಹುಡುಗರು ಬ್ಯಾಚ್ ಬ್ಯಾಚಾಗಿ ಪೋಸ್ಟಿಂಗ್‌ಗೆ ಬರುತ್ತಾರೆ. ರೋಗಿಯನ್ನು ಕೂರಿಸಿ ಮಾತಾಡಿಸುತ್ತಾರೆ, ಬಾಯಿ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಕೇಸ್ ಶೀಟ್ ಬರೆದು ನಮ್ಮ ಸಹಿಗೆ ತರುತ್ತಾರೆ. ಬೆಳಗ್ಗೆ ಓಪಿಡಿ ತುಂಬಿರುತ್ತದೆ. ಒಂದೊಂದು ಫಿಲ್ಮ್ ಮುಂದೆ ಕೂತು ಮಾತಾಡಲು ಯಾರಿಗೂ ಸಮಯ ಇರುವುದಿಲ್ಲ.

ಇಲ್ಲಿಗೆ ಬರುವ ರೋಗಿಗಳ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಪ್ರಕರಣದ ಅರ್ಧ ಅಲ್ಲೇ ಇದೆ. ಚನ್ನಗಿರಿ ಅಡಿಕೆ ಸೀಮೆ. ಆ ಕಡೆಯಿಂದ ಬರುವವರಲ್ಲಿ ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಗೆ ಬಿಗಿದುಕೊಂಡು, ಎರಡು ಬೆರಳಗಲವೂ ಬಾಯಿ ತೆರೆಯಲಾಗದವರು ಇರುತ್ತಾರೆ. ಅವರ ಬಾಯೊಳಗೆ ಸಣ್ಣ ಫಿಲ್ಮ್ ಇಡುವುದೇ ಕಷ್ಟ. ಹಾಗಾಗಿ ಹೊರಗಿನಿಂದ ತೆಗೆಯುವ ಓಪಿಜಿಯೇ ಗತಿ. ಜಗಳೂರು, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿಯವರ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಮಚ್ಚೆ ಇರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಅದು ಹೊಸದಲ್ಲ. ಹೊರಗಿನಿಂದ ಬಂದವರಿಗೆ ಹೊಸದು.

ಓಪಿಜಿ ಅಂದರೆ ಎರಡೂ ದವಡೆ, ಎಲ್ಲ ಹಲ್ಲು, ಕಿವಿ ಹತ್ತಿರದ ಕೀಲು, ಮೇಲಿನ ಸೈನಸ್, ಎಲ್ಲ ಒಂದೇ ಹಾಳೆಯಲ್ಲಿ ಬರುವ ಎಕ್ಸ್‌ರೇ. ಮಶೀನು ತಲೆಯ ಸುತ್ತ ತಿರುಗುತ್ತದೆ. ದವಡೆಯ ಆಕಾರದ ಒಂದು ಪಟ್ಟಿಯೊಳಗೆ ಇರುವುದು ಮಾತ್ರ ಸ್ಪಷ್ಟ, ಆಚೀಚೆ ಇರುವುದು ಮಸುಕು. ಮುಂದಿನ ಹಲ್ಲುಗಳ ಹತ್ತಿರ ಆ ಪಟ್ಟಿ ತೀರಾ ತೆಳು, ಜೊತೆಗೆ ಕುತ್ತಿಗೆ ಮೂಳೆಯ ನೆರಳೂ ಅಲ್ಲೇ ಬೀಳುತ್ತದೆ. ಅಂದರೆ ಓಪಿಜಿಯನ್ನು ಅತಿ ಕಡಿಮೆ ನಂಬಬೇಕಾದ ಜಾಗ ನಟ್ಟ ನಡುವೆಯೇ ಇದೆ. ನೋಡುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ಆ ಕೇಸ್ ಶೀಟ್

ನಲವತ್ತು ದಾಟಿದ ಒಬ್ಬ ಹೆಂಗಸು ಜಗಳೂರು ಕಡೆಯ ಹಳ್ಳಿಯಿಂದ ಬಂದಿದ್ದರು. ಬಲಗಡೆ ಕೆಳಗೆ, ಹಿಂದಿನ ದವಡೆ ಹಲ್ಲಿನ ಹತ್ತಿರ ನೋವು. "ಸಿಹಿ ತಿಂದ್ರ ಝುಮ್ ಅಂತೈತ್ರಿ, ರಾತ್ರಿ ಜಾಸ್ತಿ" ಅಂದಿದ್ದರು. ನೋಡಿಕೊಂಡವಳು ಕೊನೇ ವರ್ಷದ ಹುಡುಗಿ, ಕರಾವಳಿ ಕಡೆಯವಳು. ಓದಿನಲ್ಲಿ ಚುರುಕು. ಇಂಟರ್ನಲ್ಸ್‌ನಲ್ಲಿ ಒಳ್ಳೇ ಅಂಕ ತೆಗೆಯುವವಳು. ಕನ್ನಡಿ ಹಿಡಿದು ನೋಡಿದಾಗ ಹಿಂದಿನ ಹಲ್ಲಲ್ಲಿ ತೂತು ಕಾಣಲಿಲ್ಲ. ಓಪಿಜಿ ತೆಗೆಸಿದಳು.

ಕೇಸ್ ಶೀಟಿನಲ್ಲಿ ಅವಳು ಬರೆದದ್ದು ಇಷ್ಟು: 31, 41, 42ರ ಬೇರಿನ ತುದಿಯಲ್ಲಿ ಕೀವುಗಡ್ಡೆ. ಹಲ್ಲಿನ ಬಣ್ಣ ಕೆಟ್ಟಿದೆ. ಮೂರಕ್ಕೂ ರೂಟ್ ಕೆನಾಲ್ ಆಗಬೇಕು. (ಈ ಅಂಕಿಗಳಲ್ಲಿ ಮೊದಲನೆಯದು ಬಾಯಿಯ ಕಾಲುಭಾಗ, ಎರಡನೆಯದು ನಡುವಿನಿಂದ ಎಷ್ಟನೇ ಹಲ್ಲು ಅನ್ನುವುದು. 31, 41, 42 ಅಂದರೆ ಕೆಳಗಿನ ಮುಂದಿನ ಹಲ್ಲುಗಳು.) ನೋವಿದ್ದ ಬಲಗಡೆಯ ಬಗ್ಗೆ ಒಂದೇ ಸಾಲು: ಅಡ್ಡ ಬಂದ ಬುದ್ಧಿಹಲ್ಲು.

ಆ ಬೆಳಗಿನ ಗದ್ದಲದಲ್ಲಿ ಶೀಟಿಗೆ ಸಹಿ ಬಿತ್ತು, ರೋಗಿ ರೂಟ್ ಕೆನಾಲ್ ಮಾಡುವ ಎಂಡೋ ವಿಭಾಗಕ್ಕೆ ಹೋದರು.

ಅಲ್ಲಿ ಕೂತಿದ್ದ ಪಿಜಿ ಹುಡುಗ ಡ್ರಿಲ್ ಎತ್ತುವ ಮೊದಲು ಮಾಡಲೇಬೇಕಾದದ್ದನ್ನು ಮಾಡಿದ. ಹತ್ತಿ ಉಂಡೆಗೆ ಕೋಲ್ಡ್ ಸ್ಪ್ರೇ ಹೊಡೆದು ಮೊದಲು ಚೆನ್ನಾಗಿರುವ ಒಂದು ಹಲ್ಲಿಗೆ ಮುಟ್ಟಿಸಿದ. ಆಮೇಲೆ ಆ ಮೂರಕ್ಕೆ ಒಂದೊಂದಾಗಿ. "ಯಪ್ಪಾ, ತಣ್ಣಗ ಐತ್ರಿ!" ಅಂತ ಆಕೆ ಪ್ರತಿ ಸಲವೂ ತಲೆ ಹಿಂದೆ ತೆಗೆದರು. ಮೂರೂ ಹಲ್ಲು ಜೀವಂತ. ಬೇರಿನ ತುದಿಯಲ್ಲಿ ಕೀವುಗಡ್ಡೆ ಆಗಬೇಕಾದರೆ ಹಲ್ಲಿನೊಳಗಿನ ನರ ಸತ್ತಿರಬೇಕು. ಇಲ್ಲಿ ಸತ್ತಿರಲಿಲ್ಲ. ಹಲ್ಲಲ್ಲಿ ಹುಳುಕಿಲ್ಲ, ಯಾವತ್ತೂ ಪೆಟ್ಟು ಬಿದ್ದಿಲ್ಲ. ಪಿಜಿ ಶೀಟ್ ಸಮೇತ ರೋಗಿಯನ್ನು ನಮ್ಮ ಕಡೆಗೇ ಕಳಿಸಿದ.

ಆಮೇಲೆ ಎಲ್ಲರೂ ಕೂತು ನೋಡಿದೆವು. ಮುಂದಿನ ಹಲ್ಲುಗಳಿಗೆ ಬಾಯೊಳಗಿನ ಸಣ್ಣ ಫಿಲ್ಮ್, ಅಂದರೆ ಐಓಪಿಎ ತೆಗೆದೆವು. ಬೇರಿನ ತುದಿಯಲ್ಲಿ ದುಂಡಗಿನ ಕಪ್ಪು ಭಾಗಗಳು ನಿಜವಾಗಿಯೂ ಇದ್ದವು. ಮಧ್ಯವಯಸ್ಸಿನ ಹೆಂಗಸು, ಕೆಳಗಿನ ಮುಂದಿನ ಹಲ್ಲು, ಒಂದಕ್ಕಿಂತ ಹೆಚ್ಚು ಹಲ್ಲಿನ ಬುಡದಲ್ಲಿ, ಹಲ್ಲು ಜೀವಂತ, ನೋವಿಲ್ಲ. ಇಷ್ಟೂ ಸೇರಿದರೆ ಪೆರಿಏಪಿಕಲ್ ಸಿಮೆಂಟೋ-ಆಸಿಯಸ್ ಡಿಸ್‌ಪ್ಲೇಸಿಯಾದ ಮೊದಲ ಹಂತ. ಹೆಸರು ಉದ್ದ, ಕೆಲಸ ಕಮ್ಮಿ. ಆ ಜಾಗದ ಮೂಳೆ ಕರಗಿ ಬೇರೆ ಬಗೆಯ ಅಂಗಾಂಶ ತುಂಬುತ್ತದೆ. ಮೊದಲು ಕಪ್ಪಾಗಿ ಕಾಣುತ್ತದೆ, ವರ್ಷಗಳು ಕಳೆದಂತೆ ಒಳಗೆ ಬಿಳಿ ಚುಕ್ಕೆ ಮೂಡುತ್ತವೆ, ಕೊನೆಗೆ ಸುತ್ತ ಕಪ್ಪು ಅಂಚಿನ ಬಿಳಿ ಗುಂಡಾಗುತ್ತದೆ. ಸೋಂಕು ಇಲ್ಲದಿದ್ದರೆ ಚಿಕಿತ್ಸೆ ಬೇಕಿಲ್ಲ. ಆಗಾಗ ಫಿಲ್ಮ್ ತೆಗೆದು ನೋಡುತ್ತಿದ್ದರೆ ಸಾಕು.

ಒಂದು ವಿಷಯ ಸ್ಪಷ್ಟ ಮಾಡಬೇಕು. ಈ ಮೊದಲ ಹಂತ ಮತ್ತು ಕೀವುಗಡ್ಡೆ, ಎರಡೂ ಫಿಲ್ಮಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಎಷ್ಟು ದಿಟ್ಟಿಸಿದರೂ ಬೇರೆ ಮಾಡಲಾಗದು. ಬೇರೆ ಮಾಡುವುದು ಆ ಹತ್ತಿ ಉಂಡೆ. ಹಾಗಾಗಿ "ಹುಡುಗಿಗೆ ಫಿಲ್ಮ್ ಓದೋಕೆ ಬರಲ್ಲ" ಅಂತ ಒಬ್ಬರು ಹೇಳಿದ್ದನ್ನು ನಾನು ಒಪ್ಪಲಿಲ್ಲ.

ನಿಜವಾದ ತೊಂದರೆ ಹಿಂದೆ ಇತ್ತು. 48, ಅಂದರೆ ಬಲಗಡೆ ಕೆಳಗಿನ ಬುದ್ಧಿಹಲ್ಲು, ಮುಂದಕ್ಕೆ ವಾಲಿ 47ರ ಬೆನ್ನಿಗೆ ಒತ್ತಿಕೊಂಡಿತ್ತು. ಆ ಒತ್ತಿನಲ್ಲಿ, 47ರ ಹಿಂಬದಿ ಕುತ್ತಿಗೆಯಲ್ಲಿ, ಹುಳುಕು ಆಳಕ್ಕೆ ಇಳಿದಿತ್ತು. ವಸಡು ಮುಚ್ಚಿದ್ದರಿಂದ ಕನ್ನಡಿಗೆ ಕಾಣುತ್ತಿರಲಿಲ್ಲ. ಓಪಿಜಿಯಲ್ಲಿ ಕಾಣುತ್ತಿತ್ತು. ಆಕೆಯ ರಾತ್ರಿ ನಿದ್ದೆ ಕೆಡಿಸಿದ್ದು ಅದು. ಏನೂ ಮಾಡಬೇಕಿಲ್ಲದ ಕಡೆ ಮೂರು ರೂಟ್ ಕೆನಾಲ್, ಮಾಡಬೇಕಾದ ಕಡೆ ಏನೂ ಇಲ್ಲ. ಶೀಟ್ ಹೇಳುತ್ತಿದ್ದದ್ದು ಅಷ್ಟು.

ಅವಳ ಕಣ್ಣು ಎಲ್ಲಿ ಹೋಯಿತು?

ನಾನು ಅವಳನ್ನು ಬೈಯಲಿಲ್ಲ. ಫಿಲ್ಮ್ ಹಾಕಿ, ನೋಡಿದ್ದು ಹೇಗೆ ಅಂತ ಮೊದಲಿನಿಂದ ಹೇಳು ಅಂದೆ. ಅವಳು ಹೇಳಿದ್ದು ಕುತೂಹಲದ್ದು. "ಮೇಡಂ, ಫಿಲ್ಮ್ ಹಾಕಿದ ಕೂಡಲೇ ನಡುವೆ ಕಪ್ಪು ಕಂಡಿತು. ಬಾಯಿಯಲ್ಲಿ ನೋಡಿದರೆ ಅದೇ ಹಲ್ಲುಗಳು ಕಂದು. ಸತ್ತ ಹಲ್ಲಿನ ಬಣ್ಣ ಕೆಡುತ್ತದೆ ಅಂತ ಓದಿದ್ದೆ. ಎರಡೂ ತಾಳೆ ಆಯಿತು."

ತಾಳೆ ಆಯಿತು, ಅದೇ ಸಮಸ್ಯೆ. ಆ ಕಂದು ನೀರಿನ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್‌ನದ್ದು. ಅದು ಹಲ್ಲಿನ ಹೊರಗಿನ ಎನಾಮಲ್‌ನಲ್ಲಿ, ಎಡ ಬಲ ಎರಡೂ ಕಡೆ, ಹಲವು ಹಲ್ಲುಗಳ ಮೇಲೆ ಒಂದೇ ಥರ ಇರುತ್ತದೆ. ನರ ಸತ್ತ ಹಲ್ಲು ಸಾಮಾನ್ಯವಾಗಿ ಒಂಟಿ, ಪಕ್ಕದ್ದಕ್ಕಿಂತ ಬೂದಿಯಾಗಿ ಕಾಣುತ್ತದೆ. ಜಗಳೂರಿನ ಹುಡುಗ ಆಗಿದ್ದರೆ ಆ ಬಣ್ಣವನ್ನು ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. ಇವಳ ಊರಿನಲ್ಲಿ ಅದನ್ನು ನೋಡಿಯೇ ಇಲ್ಲ. ಮೊದಲು ಹೆಸರು ಬಂತು, ಆಮೇಲೆ ಅದಕ್ಕೆ ಸಾಕ್ಷಿ ಹುಡುಕಿದಳು, ಸಾಕ್ಷಿ ಸಿಕ್ಕಿತು. ಸಿಕ್ಕಿದ ಮೇಲೆ ಹುಡುಕುವುದನ್ನು ನಿಲ್ಲಿಸಿದಳು.

ಒಂದು ಸಿಕ್ಕ ಮೇಲೆ ಕಣ್ಣು ನಿಂತುಬಿಡುವುದು ವಿದ್ಯಾರ್ಥಿಗಳಿಗೆ ಮಾತ್ರ ಆಗುವುದಲ್ಲ. ರೇಡಿಯಾಲಜಿಯಲ್ಲಿ ಇದರ ಬಗ್ಗೆ 1960ರ ದಶಕದಿಂದಲೂ ಬರೆಯುತ್ತಿದ್ದಾರೆ. 2013ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಶ್ವಾಸಕೋಶದ ಸಿಟಿ ಚಿತ್ರಗಳಲ್ಲಿ ಸಣ್ಣ ಗಂಟು ಹುಡುಕಿ ಅಂತ 24 ರೇಡಿಯಾಲಜಿಸ್ಟ್‌ಗಳಿಗೆ ಹೇಳಿದರು. ಕೊನೇ ಚಿತ್ರಗಳಲ್ಲಿ ಗೊರಿಲ್ಲಾದ ಚಿತ್ರ ಸೇರಿಸಿದ್ದರು. 20 ಜನ ಅದನ್ನು ಗಮನಿಸಲೇ ಇಲ್ಲ. ಅವರ ಕಣ್ಣಿನ ಚಲನೆ ಅಳೆದಾಗ ಹೆಚ್ಚಿನವರ ಕಣ್ಣು ನೇರ ಗೊರಿಲ್ಲಾ ಮೇಲೇ ಹಾದು ಹೋಗಿತ್ತು. ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ಸ್ವಲ್ಪ ಹೊತ್ತಿಗೆ ತಮ್ಮ ಕೇಸ್ ಶೀಟ್ ತೆಗೆದು ಮತ್ತೆ ನೋಡುತ್ತಾರೆ.

ಮೊದಲು ಮಾಡಿದ್ದು, ಸಾಲದೇ ಹೋದದ್ದು

ಸಭೆಯಲ್ಲಿ ಮೊದಲು ಬಂದ ಸಲಹೆ: ಇನ್ನೂ ಜಾಸ್ತಿ ಚಿತ್ರ ತೋರಿಸೋಣ. ವಾರಕ್ಕೊಂದು ಹೆಚ್ಚುವರಿ ಕ್ಲಾಸ್ ಹಾಕಿ ಸಿಸ್ಟ್ (ದ್ರವ ತುಂಬಿದ ಚೀಲ), ಗಡ್ಡೆ, ಮೂಳೆ ರೋಗಗಳ ಸ್ಲೈಡ್ ಹಾಕಿದೆವು. ಫಲ ಉಲ್ಟಾ ಆಯಿತು. ಓಪಿಡಿಯಲ್ಲಿ ಎಲ್ಲ ಕಡೆ ರೋಗ ಕಾಣತೊಡಗಿತು. ಕೆಳದವಡೆಯ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಬುಡದಲ್ಲಿ ಎಲ್ಲರಿಗೂ ಇರುವ ನರದ ತೂತು, ಮೆಂಟಲ್ ಫೊರಾಮೆನ್, ಒಬ್ಬನಿಗೆ ಸಿಸ್ಟ್ ಆಯಿತು. ಕೆಳದವಡೆಯ ಒಳಬದಿಯಲ್ಲಿ ಲಾಲಾಗ್ರಂಥಿ ಕೂರುವ ತಗ್ಗು ಇನ್ನೊಬ್ಬಳಿಗೆ ಗಡ್ಡೆ ಆಯಿತು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮ ಸ್ಲೈಡುಗಳಲ್ಲಿ ಪ್ರತಿ ಚಿತ್ರಕ್ಕೂ ಒಂದು ರೋಗ ಇರುತ್ತದೆ. ಓಪಿಡಿಯ ಫಿಲ್ಮುಗಳಲ್ಲಿ ಹುಳುಕು, ಮೂಳೆ ಸವೆತ ಬಿಟ್ಟರೆ ಹೆಚ್ಚಿನವು ಸುಮ್ನೆ ನಾರ್ಮಲ್.

ಎರಡನೆಯದು ಚೆಕ್‌ಲಿಸ್ಟ್. ಬಲ ಕೀಲು, ಎಡ ಕೀಲು, ಸೈನಸ್, ಮೂಳೆಯ ಅಂಚು ಅಂತ ಅಚ್ಚು ಹಾಕಿಸಿದ ಹಾಳೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಮೇಲಿನಿಂದ ಕೆಳಗಿನವರೆಗೂ ಒಂದೇ ಉದ್ದ ಗೆರೆ, ಪಕ್ಕದಲ್ಲಿ "ನಾರ್ಮಲ್". ಬಲಗಡೆ ಕೀಲೇ ಸಿಕ್ಕಿಲ್ಲದ ಫಿಲ್ಮಿಗೂ ಬಲ ಕೀಲು ನಾರ್ಮಲ್. ಚೆಕ್‌ಲಿಸ್ಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಏನು ನೋಡಬೇಕು ಅಂತ ಅದು ನೆನಪಿಸುತ್ತದೆ, ಹೇಗೆ ನೋಡಬೇಕು ಅಂತ ಅದು ಕಲಿಸಲ್ಲ.

ಸೀಸದ ಹಾಳೆ, ಒಣ ದವಡೆ

ದಾರಿ ಬದಲಾದದ್ದು ಇಲ್ಲಿ. ಒಬ್ಬ ಸಹೋದ್ಯೋಗಿ ಒಂದು ಸಣ್ಣ ಪ್ರಶ್ನೆ ಕೇಳಿದರು: ಈ ಹುಡುಗರು ನಾರ್ಮಲ್ ಅಂದರೆ ಏನು ಅಂತ ಯಾವತ್ತು ನೋಡಿದ್ದಾರೆ? ರಾಂಟ್‌ಜನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದದ್ದು, ಮರುವರ್ಷದ ಜನವರಿಯಲ್ಲೇ ಜರ್ಮನಿಯ ಒಟ್ಟೋ ವಾಲ್‌ಕಾಫ್ ತನ್ನ ಬಾಯಿಯಲ್ಲೇ ಪ್ಲೇಟ್ ಇಟ್ಟುಕೊಂಡು 25 ನಿಮಿಷ ಕೂತು ಹಲ್ಲಿನ ಮೊದಲ ಎಕ್ಸ್‌ರೇ ತೆಗೆದದ್ದು, ಇದೆಲ್ಲ ಎಲ್ಲರಿಗೂ ಬಾಯಿಪಾಠ. ಮೆಂಟಲ್ ಫೊರಾಮೆನ್ ಫಿಲ್ಮಿನಲ್ಲಿ ತೋರಿಸು ಅಂದರೆ ಬೆರಳು ಅಲೆದಾಡುತ್ತದೆ.

ಅನಾಟಮಿ ವಿಭಾಗದಿಂದ ಒಣಗಿದ ಕೆಳದವಡೆ ಮೂಳೆಗಳನ್ನು ಕೇಳಿ ತಂದೆವು. ಅಭ್ಯಾಸಕ್ಕೆ ಅಂತ ರೋಗಿಗೆ ಎಕ್ಸ್‌ರೇ ಹೊಡೆಯುವಂತಿಲ್ಲ, ಹೊಡೆಯಲೂ ಬಾರದು. ಮೂಳೆಗಾದರೆ ಎಷ್ಟು ಬೇಕಾದರೂ ತೆಗೆಯಬಹುದು. ಹಳೇ ಮಾದರಿಯ ಫಿಲ್ಮ್ ಪಾಕೆಟ್ ಒಳಗೆ ಒಂದು ತೆಳ್ಳನೆಯ ಸೀಸದ ಹಾಳೆ ಇರುತ್ತದೆ, ಡಾರ್ಕ್‌ರೂಮಿನಲ್ಲಿ ತೆಗೆದು ಬದಿಗಿಡುವ ವಸ್ತು. ಗ್ಲೌಸ್ ಹಾಕಿಕೊಂಡು ಅದನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಉಂಡೆ ಮಾಡಿ, ಮೇಣದಿಂದ ಮೆಂಟಲ್ ಫೊರಾಮೆನ್ ತೂತಿಗೆ ಅಂಟಿಸಿದರು. ಒಂದು ಫಿಲ್ಮ್ ನೇರದಿಂದ, ಒಂದು ಟ್ಯೂಬನ್ನು ಸ್ವಲ್ಪ ಮುಂದೆ ಸರಿಸಿ, ಇನ್ನೊಂದು ಹಿಂದೆ ಸರಿಸಿ. ಮೂರನ್ನೂ ತೊಳೆದು ಸಾಲಾಗಿ ವ್ಯೂ ಬಾಕ್ಸ್ ಮೇಲೆ ಇಟ್ಟರು. ಬಿಳಿ ಚುಕ್ಕೆ ಒಂದರಲ್ಲಿ ಬೇರಿನ ತುದಿಗೆ ಸರಿಯಾಗಿ ಕೂತಿತ್ತು, ಇನ್ನೆರಡರಲ್ಲಿ ಆಚೀಚೆ ಸರಿದಿತ್ತು.

"ಅಂದರೆ ಬೇರಿನದೇ ರೋಗ ಆಗಿದ್ದರೆ ಸರಿಯುತ್ತಿರಲಿಲ್ಲ" ಅಂತ ಹಿಂದಿನಿಂದ ಯಾರೋ ಅಂದರು. ಟ್ಯೂಬ್ ಸರಿಸಿ ಎರಡನೇ ಫಿಲ್ಮ್ ತೆಗೆಯುವ ನಿಯಮ 1910ರಷ್ಟು ಹಳೆಯದು. ಪುಸ್ತಕದಲ್ಲಿ ನಾಲ್ಕು ಅಕ್ಷರದ ಸೂತ್ರವಾಗಿ ಎಲ್ಲರೂ ಓದಿಕೊಂಡಿರುತ್ತಾರೆ. ಅದು ಯಾಕೆ ಬೇಕು ಅನ್ನುವುದು ಆ ಮಧ್ಯಾಹ್ನ ಗೊತ್ತಾಯಿತು.

ಆಮೇಲೆ ಟ್ರೇಸಿಂಗ್. ನಾರ್ಮಲ್ ಓಪಿಜಿ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪೆನ್ಸಿಲ್‌ನಲ್ಲಿ ಬಿಡಿಸುವುದು: ದವಡೆಯ ಅಂಚು, ನರದ ಕಾಲುವೆ, ಸೈನಸ್‌ನ ನೆಲ, ಗಟ್ಟಿ ಅಂಗುಳ, ಹಯಾಯ್ಡ್ ಮೂಳೆ, ಕಿವಿಹಾಲೆಯ ನೆರಳು, ನಾಲಿಗೆಯ ಮೇಲಿನ ಗಾಳಿಯ ಕಪ್ಪು ಪಟ್ಟಿ. ಆ ಗಾಳಿಯ ಪಟ್ಟಿಯೇ ಎಷ್ಟೋ ಸಲ ಮೋಸ ಮಾಡುತ್ತದೆ. ಫಿಲ್ಮ್ ತೆಗೆಯುವಾಗ ರೋಗಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯದಿದ್ದರೆ ಮೇಲಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಹರಡಿ, ಮೂಳೆಯೇ ಇಲ್ಲವೇನೋ ಅನ್ನಿಸುತ್ತದೆ. ಕೈಯಲ್ಲಿ ಬಿಡಿಸಿದವರು ಇದನ್ನು ಮರೆಯಲಿಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ ಓಪಿಜಿ ನೋಡುವ ಚಟ ಎಲ್ಲರಿಗೂ ಇತ್ತು (ನಮ್ಮ ಸ್ಟಾಫಿಗೂ ಇದೆ ಬಿಡಿ). ಆ ಪೋಸ್ಟಿಂಗ್ ಮುಗಿಯುವವರೆಗೆ ಅದು ಬಂದ್. ಕಿಟಕಿ ಪರದೆ ಎಳೆದು, ದೀಪ ಕಮ್ಮಿ ಮಾಡಿ, ದೊಡ್ಡ ಪರದೆಯಲ್ಲೇ ನೋಡಬೇಕು.

ಬೆನ್ನಿಗೆ ಬೆನ್ನು

ನನಗೆ ಅತಿ ಇಷ್ಟವಾದ ಭಾಗ ಇದು. ಇಬ್ಬಿಬ್ಬರ ಜೋಡಿ, ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಒಬ್ಬರ ಎದುರು ಫಿಲ್ಮ್, ಇನ್ನೊಬ್ಬರ ಎದುರು ಖಾಲಿ ಹಾಳೆ. ಫಿಲ್ಮ್ ನೋಡುವವರು ಬಾಯಲ್ಲಿ ಹೇಳಬೇಕು, ಕೇಳುವವರು ಚಿತ್ರ ಬಿಡಿಸಬೇಕು. ರೋಗದ ಹೆಸರು ಹೇಳುವಂತಿಲ್ಲ. ಎಲ್ಲಿದೆ, ಎಷ್ಟು ದೊಡ್ಡದು, ಆಕಾರ ಏನು, ಅಂಚು ಹೇಗಿದೆ, ಒಳಗೆ ಏನಿದೆ, ಅಕ್ಕಪಕ್ಕದ್ದಕ್ಕೆ ಏನು ಮಾಡಿದೆ, ಇಷ್ಟೇ. ಈ ಆರು ಪ್ರಶ್ನೆ ಪುಸ್ತಕದಲ್ಲೇ ಇವೆ, ನಾವು ಕಂಡುಹಿಡಿದದ್ದಲ್ಲ.

ಮೊದಲ ದಿನದ ಚಿತ್ರಗಳನ್ನು ನೋಡಿದರೆ ನಗು ಬರುತ್ತಿತ್ತು. "ಒಂದು ದೊಡ್ಡ ಕಪ್ಪು ಇದೆ ಕಣೇ, ಹಿಂದುಗಡೆ" ಅಂತ ಹೇಳಿದರೆ ಗೆಳತಿ ದವಡೆ ತುಂಬ ಕಪ್ಪು ಬಳಿದಿದ್ದಳು. ಫಿಲ್ಮಿನಲ್ಲಿ ಇದ್ದದ್ದು ಕಡಲೆಕಾಳಿನಷ್ಟು. "ಅಂಚು ಹೇಗಿದೆ ಹೇಳೇ, ಗೆರೆ ಎಳೆದ ಹಾಗಾ, ಒರೆಸಿದ ಹಾಗಾ?" ಅಂತ ಬಿಡಿಸುವವಳು ಕೇಳಿದಾಗ ಮಾತ್ರ ನೋಡುವವಳು ಅಂಚನ್ನು ನೋಡಿದಳು. ಅಂಚು ಗೆರೆ ಎಳೆದಂತಿದ್ದರೆ ಸಾಮಾನ್ಯವಾಗಿ ನಿಧಾನ ಬೆಳೆದದ್ದು. ಮೂಳೆಗೆ ಸುತ್ತ ಬಿಳಿ ಗೋಡೆ ಕಟ್ಟಿಕೊಳ್ಳಲು ಸಮಯ ಸಿಕ್ಕಿರುತ್ತದೆ. ಒರೆಸಿದಂತಿದ್ದರೆ ಸೋಂಕೋ ಕ್ಯಾನ್ಸರೋ ಅಂತ ಎಚ್ಚರ ಬೇಕು. ಮೇಷ್ಟ್ರು ನೂರು ಸಲ ಕೇಳಿದರೂ ಬಾರದ ಉತ್ತರ, ಪಕ್ಕದವಳಿಗೆ ಚಿತ್ರ ಬಿಡಿಸಲು ಬೇಕು ಅಂದಾಗ ಬಂತು.

ಹೆಸರು ಹೇಳಬಾರದು ಅನ್ನುವ ನಿಯಮಕ್ಕೆ ವಿರೋಧ ಇತ್ತು. ಒಬ್ಬ ಹಿರಿಯ ಸರ್ ಖಡಾಖಂಡಿತ ಹೇಳಿದರು: "ಪರೀಕ್ಷೆಯಲ್ಲಿ ಸ್ಪಾಟರ್ ಇಟ್ಟಾಗ ಹೆಸರೇ ಬರೆಯಬೇಕು. ಎಗ್ಸಾಮಿನರ್ ಮುಂದೆ ಅಂಚಿನ ವರ್ಣನೆ ಮಾಡ್ತಾ ಕೂತ್ರೆ ಗಂಟೆ ಹೊಡೆಯುತ್ತೆ." ಅವರ ಮಾತು ಸುಳ್ಳಲ್ಲ. ಸ್ಪಾಟರ್‌ಗೆ ಬೇರೆಯಾಗಿ ತಯಾರಿ ಮಾಡಿಸೋಣ ಅಂತ ಒಪ್ಪಂದವಾಯಿತು.

ಕವರ್

ಇನ್ನೊಂದು ಜಗಳ ಇದಕ್ಕಿಂತ ಗಟ್ಟಿ. ರೋಗಿಯ ದೂರು ಗೊತ್ತಿದ್ದು ಫಿಲ್ಮ್ ನೋಡಬೇಕಾ, ಗೊತ್ತಿಲ್ಲದೇ ನೋಡಬೇಕಾ? ಗೊತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಉಳಿದದ್ದು ತಪ್ಪಿಹೋಗುತ್ತದೆ ಅಂತ ಒಂದು ಪಕ್ಷ. ರೋಗಿಯನ್ನು ಬಿಟ್ಟು ಫಿಲ್ಮ್ ಓದುವುದೇ ತಪ್ಪು ಅಂತ ಇನ್ನೊಂದು. ಆ ಹುಡುಗಿಯ ಪ್ರಕರಣ ಎರಡು ಪಕ್ಷಕ್ಕೂ ಸಾಕ್ಷಿಯಾಯಿತು. ಬಾಯಲ್ಲಿ ಕಂಡ ಕಂದು ಬಣ್ಣ ಅವಳನ್ನು ಕೆಡಿಸಿತು. ಬಲಗಡೆ ನೋವು ಅನ್ನುವ ದೂರಿಗೆ ಗಮನ ಕೊಟ್ಟಿದ್ದರೆ ಬಚಾವಾಗುತ್ತಿದ್ದಳು.

ಕೊನೆಗೆ ಕವರ್ ಪದ್ಧತಿ ತಂದೆವು. ಹಳೇ ಫಿಲ್ಮುಗಳಿಂದ ಒಂದು ಕಟ್ಟು ಮಾಡಿ, ನಾರ್ಮಲ್ ಫಿಲ್ಮುಗಳನ್ನೂ ಧಾರಾಳವಾಗಿ ಬೆರೆಸಿದೆವು. ಎಷ್ಟು ನಾರ್ಮಲ್ ಅಂತ ಹೇಳಲಿಲ್ಲ. ಪ್ರತಿ ಫಿಲ್ಮಿನ ಜೊತೆ ಅಂಟಿಸಿದ ಒಂದು ಕವರ್, ಒಳಗೆ ವಯಸ್ಸು, ದೂರು, ಬಾಯಲ್ಲಿ ಕಂಡದ್ದು, ಪಲ್ಪ್ ಟೆಸ್ಟ್ (ಹಲ್ಲಿನ ನರ ಜೀವಂತವೇ ಅಂತ ನೋಡುವುದು) ಫಲಿತಾಂಶ. ಮೊದಲು ಫಿಲ್ಮ್ ಮಾತ್ರ ನೋಡಿ ವರ್ಣನೆ, ಪೆನ್ನಿನಲ್ಲಿ. ಆಮೇಲೆ ಕವರ್ ಬಿಚ್ಚಿ, ದೂರಿನ ಜಾಗವನ್ನು ಮತ್ತೊಮ್ಮೆ ನೋಡಿ, ಬೇರೆ ಬಣ್ಣದ ಪೆನ್ನಿನಲ್ಲಿ ತೀರ್ಮಾನ. ಮೊದಲು ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. ಎರಡು ಬಣ್ಣ ಇದ್ದರೆ ಎಲ್ಲಿ ಮನಸ್ಸು ಬದಲಾಯಿತು ಅಂತ ಅವರಿಗೂ ನಮಗೂ ಕಾಣುತ್ತದೆ.

ಅಡ್ಡ ಪರಿಣಾಮ ಒಂದು ಬಂತು. ಎಲ್ಲರೂ ಹೆದರಿದರು. ಶೀಟಿನಲ್ಲಿ ಸಾಲು ಸಾಲು "ಇರಬಹುದು". ಹುಳುಕು ಇರಬಹುದು, ನೆರಳು ಇರಬಹುದು, ನಾರ್ಮಲ್ ಇರಬಹುದು. ಹಲ್ಲಿನ ಕುತ್ತಿಗೆಯಲ್ಲಿ, ಎನಾಮಲ್ ಮುಗಿದು ಮೂಳೆ ಶುರುವಾಗುವ ಮಧ್ಯೆ, ಕಿರಣ ಜಾಸ್ತಿ ಹಾದು ಕಪ್ಪಾಗಿ ಕಾಣುವ ಜಾಗ ಇದೆ, ಬರ್ನೌಟ್ ಅನ್ನುತ್ತೇವೆ. ಅದು ಹುಳುಕಿನಂತೆಯೇ ಕಾಣುತ್ತದೆ. ಅದು ಗೊತ್ತಾದ ಮೇಲೆ ಒಬ್ಬ ಹುಡುಗ ನಿಜವಾದ ಹುಳುಕನ್ನೂ ಬರ್ನೌಟ್ ಅಂತ ಬಿಟ್ಟ. ಎಂಡೋದವರು ಫೋನ್ ಮಾಡಿ, "ನಿಮ್ಮ ಹುಡುಗರಿಗೆ ಏನಾದ್ರೂ ಒಂದು ಹೇಳೋಕೆ ಹೇಳ್ರೀ" ಅಂದರು.

ಇದಕ್ಕೆ ಒಂದು ಕಾಲಂ ಸೇರಿಸಿದೆವು: ಮುಂದೆ ಏನು ಮಾಡುತ್ತೀರಿ? ಅನುಮಾನ ಇರಲಿ, ತಪ್ಪಿಲ್ಲ. ಆದರೆ ಅದನ್ನು ತೀರಿಸುವ ಒಂದು ಕೆಲಸ ಬರೆಯಬೇಕು. ಪ್ರೋಬ್ ಹಾಕಿ ಮುಟ್ಟಿ ನೋಡುತ್ತೇನೆ. ಟ್ಯೂಬ್ ಕೋನ ಬದಲಿಸಿ ಇನ್ನೊಂದು ಐಓಪಿಎ. ಕೋಲ್ಡ್ ಟೆಸ್ಟ್. ಹಳೇ ಫಿಲ್ಮ್ ಇದೆಯಾ ಅಂತ ಕೇಳುತ್ತೇನೆ. ಇನ್ನೊಂದು ಎಕ್ಸ್‌ರೇ ಬರೆದರೆ ಯಾಕೆ ಅಂತಲೂ ಬರೆಯಬೇಕು. ಡೋಸ್ ಕಮ್ಮಿ ನಿಜ, ಒಂದು ಓಪಿಜಿಗೆ ಸುಮಾರು 10ರಿಂದ 25 ಮೈಕ್ರೋಸೀವರ್ಟ್, ಅಂದರೆ ಪ್ರಕೃತಿಯಿಂದ ನಮಗೆ ಕೆಲವು ದಿನಗಳಲ್ಲಿ ಬರುವಷ್ಟು. ಕಮ್ಮಿ ಅಂತ ಕಾರಣವಿಲ್ಲದೇ ತೆಗೆಯುವ ಹಾಗಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಒಂದು ಕಾಲಂ. "ಇರಬಹುದು" ಹೋಗಲಿಲ್ಲ, ಅದರ ಮುಂದೆ ಒಂದು ಕ್ರಿಯಾಪದ ಬಂತು.

ಏನಾಯಿತು

ರೋಗಿಯ ವಿಷಯ ಮೊದಲು. ಬುದ್ಧಿಹಲ್ಲು ತೆಗೆದರು. 47ಕ್ಕೆ ರೂಟ್ ಕೆನಾಲ್ ಆಯಿತು. ನೋವು ಹೋಯಿತು. ಮುಂದಿನ ಹಲ್ಲಿಗೆ ಯಾರೂ ಕೈ ಹಾಕಲಿಲ್ಲ. ಮರುಪರೀಕ್ಷೆಗೆ ಬಂದಾಗ ಹಲ್ಲುಗಳು ತಣ್ಣನೆಗೆ ಮೊದಲಿನಂತೆಯೇ ಸ್ಪಂದಿಸಿದವು. ಫಿಲ್ಮಿನಲ್ಲಿ ಒಂದು ಕಪ್ಪಿನ ಒಳಗೆ ಸಣ್ಣ ಬಿಳಿ ಮೂಡಿತ್ತು. ಬೇರೆಲ್ಲೋ ಇನ್ನೊಬ್ಬರು ಓಪಿಜಿ ನೋಡಿ ರೂಟ್ ಕೆನಾಲ್ ಅನ್ನಬಾರದು ಅಂತ ಒಂದು ಚೀಟಿ ಬರೆದುಕೊಟ್ಟಿದ್ದೇವೆ.

ಆ ಹುಡುಗಿ ಇಂಟರ್ನ್ ಆದ ಮೇಲೆ ಒಂದು ದಿನ ಹೊರಗಿನ ಲ್ಯಾಬಿನಲ್ಲಿ ತೆಗೆಸಿದ ಓಪಿಜಿ ಹಿಡಿದು ಒಬ್ಬ ವಯಸ್ಸಾದ ಅಜ್ಜಿ ಬಂದರು. ಎಡಗಡೆ ಮೇಲೆ, ಸೈನಸ್ ಹತ್ತಿರ, ಮಸುಕಾದ ಬಿಳಿ. ಕೂತಿದ್ದವರೆಲ್ಲ ಕಲ್ಲು ಅಂದರು, ಒಬ್ಬರು ಸಿಬಿಸಿಟಿ, ಅಂದರೆ ದವಡೆಯ ಮೂರು ಆಯಾಮದ ಸ್ಕ್ಯಾನ್, ಬರೆಯಲೂ ಹೊರಟರು. ಇವಳು ಫಿಲ್ಮಿನ ಬಲಗಡೆ, ಕಿವಿಯ ಎತ್ತರದಲ್ಲಿ ಇನ್ನೊಂದು ಬಿಳಿ ಹುಡುಕಿದಳು. ಅದು ಚೂಪಾಗಿ, ಸ್ಪಷ್ಟವಾಗಿ ಇತ್ತು.

"ಅಜ್ಜಿ, ಫೋಟೋ ತೆಗೆಯುವಾಗ ಓಲೆ ಬಿಚ್ಚಿದ್ರಾ?"

"ಒಂದು ಬಿಚ್ಚಿದ್ನವ್ವಾ. ಈ ಕಡೀದು ತಿರುಪು ಜಾಮ್ ಆಗೇತಿ, ಬರಲಿಲ್ಲ. ಒಂದಿದ್ರ ಏನಾಗತೈತಿ ಅಂದ್ರು."

ಓಪಿಜಿಯಲ್ಲಿ ಒಂದು ಕಡೆಯ ಲೋಹದ ಭೂತಚಿತ್ರ ಎದುರು ಕಡೆ ಬೀಳುತ್ತದೆ, ಇದ್ದದ್ದಕ್ಕಿಂತ ಮೇಲೆ, ದೊಡ್ಡದಾಗಿ, ಮಸುಕಾಗಿ. ಅಜ್ಜಿಯ ಸೈನಸ್‌ನಲ್ಲಿ ಕಲ್ಲು ಇರಲಿಲ್ಲ, ಬಲಗಿವಿಯ ಓಲೆ ಇತ್ತು. ಸಿಬಿಸಿಟಿ ಖರ್ಚು ಉಳಿಯಿತು. ಅವಳು ನೋಡಿದ ರೀತಿ ನನಗೆ ಇಷ್ಟವಾಯಿತು. ಒಂದು ಬಿಳಿ ಕಂಡ ಮೇಲೆ ನಿಲ್ಲದೇ, ಇನ್ನೊಂದನ್ನು ಹುಡುಕಿದಳು.

ಎಲ್ಲರೂ ಹೀಗಾದರು ಅಂತ ಹೇಳುವ ಹಾಗಿಲ್ಲ. ಓದಿನಲ್ಲಿ ಹಿಂದಿದ್ದ ಕೆಲವರಿಗೆ ಟ್ರೇಸಿಂಗ್ ತುಂಬ ಸಹಾಯ ಮಾಡಿತು. ಮುಂಚೂಣಿಯ ಕೆಲವರು ಅದನ್ನು ಸಮಯ ಹಾಳು ಅಂದರು, ಕೊನೆಯವರೆಗೂ ಹಾಗೇ ಅಂದರು. ಇದು ಒಂದು ಕಾಲೇಜಿನ ಅನುಭವ. ಕಲಿಸಿದವರೇ ಅಂಕ ಹಾಕಿದವರು. ಬೇರೆ ಬ್ಯಾಚ್ ಜೊತೆ ಹೋಲಿಸಿ ಅಳೆದಿಲ್ಲ. ಎಂಡೋದಿಂದ ವಾಪಸ್ ಬರುವ ಶೀಟ್ ಕಮ್ಮಿಯಾಗಿವೆ ಅಂತ ಅಲ್ಲಿಯವರು ಹೇಳುತ್ತಾರೆ. ಅದು ನಮಗೆ ಸಂತೋಷ ಕೊಡುವ ಮಾತು, ಲೆಕ್ಕ ಅಲ್ಲ.

ಬೇರೆ ಕಡೆ ಮಾಡುವವರಿಗೆ

ಒಣ ಮೂಳೆ, ಟ್ರೇಸಿಂಗ್ ಪೇಪರ್, ಕವರ್, ಇವಕ್ಕೆ ದುಡ್ಡು ಬೇಕಿಲ್ಲ. ಬೇಕಾದದ್ದು ಮಧ್ಯಾಹ್ನದ ಒಂದು ಗಂಟೆ ಮತ್ತು ಕೂರುವ ಒಬ್ಬ ಸ್ಟಾಫ್. ಎಲ್ಲವನ್ನೂ ಒಟ್ಟಿಗೆ ತರಬೇಕಿಲ್ಲ. ಒಂದನ್ನೇ ತರುವುದಾದರೆ "ಮುಂದೆ ಏನು" ಕಾಲಂ ತನ್ನಿ, ಆಮೇಲೆ ಬೆನ್ನಿಗೆ ಬೆನ್ನು. ಹೊರಗಿನ ಊರಿನ ಹುಡುಗರಿಗೆ ಪೋಸ್ಟಿಂಗ್‌ನ ಮೊದಲ ದಿನವೇ ಫ್ಲೋರೋಸಿಸ್ ಹಲ್ಲು, ಅಡಿಕೆಯಿಂದ ಬಿಗಿದ ಬಾಯಿ ತೋರಿಸಿ. ಫಿಲ್ಮ್ ಆಮೇಲೆ. ಡಿಜಿಟಲ್ ಸೆನ್ಸರ್ ಇರುವ ಕಡೆ ಸೀಸದ ಹಾಳೆ ಸಿಗುವುದಿಲ್ಲ. ಹಲ್ಲಿಗೆ ಕ್ಲಿಪ್ ಹಾಕುವ ಆರ್ಥೋ ವಿಭಾಗದ ತಂತಿ ತುಂಡು ಅಥವಾ ರೂಟ್ ಕೆನಾಲ್ ತುಂಬುವ ಗಟ್ಟಾಪರ್ಚಾ ಸಾಕು.

ನಮಗೆ ಇನ್ನೂ ಬಗೆಹರಿಯದ ತಲೆನೋವು ಕವರ್ ಕಟ್ಟಿನದ್ದು. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಉತ್ತರ ದಾಟಿಸುತ್ತಾರೆ. "7ನೇ ನಂಬರ್ ನಾರ್ಮಲ್, 12 ಓಲೆ" ಅಂತ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಪ್ರತಿ ಬ್ಯಾಚ್‌ಗೂ ಹೊಸ ಕಟ್ಟು ಮಾಡುವಷ್ಟು ಫಿಲ್ಮ್ ಹುಡುಕುವುದು ಕಷ್ಟ. ಸದ್ಯಕ್ಕೆ ಕೆಲವು ಕವರ್ ಹೊಸದಾಗಿ ಸೇರಿಸುತ್ತೇವೆ. ಕೆಲವಕ್ಕೆ ಹಳೇ ನಂಬರನ್ನೇ ಬಿಟ್ಟು ಒಳಗಿನ ಫಿಲ್ಮ್ ಮಾತ್ರ ಬದಲಿಸುತ್ತೇವೆ. ಪಟ್ಟಿ ನೋಡಿ ಬರೆದವರು ಯಾರು ಅಂತ ಮೊದಲ ಶೀಟಿನಲ್ಲೇ ಗೊತ್ತಾಗುತ್ತದೆ.